ಹದಿನೈದು ಡಿಗ್ರಿಗೆ ತಿದ್ದಿ

ಡೀಸೆಲ್ಲಿನ ಸಾಂದ್ರತೆ ಅಳೆದರೆ
ಹೊರಗೆ ಬಿಸಿಲಿರಲಿ, ಚಳಿಯಿರಲಿ,
ಕೋಷ್ಟಕ ನೋಡಿ ಹದಿನೈದು ಡಿಗ್ರಿಗೆ ತಿದ್ದಿಯೇ ಬರೆಯಬೇಕು.
ಇಪ್ಪತ್ತಮೂರರ ವಯಸ್ಸಿನಲ್ಲಿ, ಹಾಸನದ ಟರ್ಮಿನಲ್ಲಿನ ಲ್ಯಾಬಿನಲ್ಲಿ
ನಾನು ಕಲಿತ ಮೊದಲ ವಿದ್ಯೆ ಅದು.
ಗಾಜಿನ ಜಾಡಿ, ಅದರಲ್ಲಿ ತೇಲುವ ಕಡ್ಡಿ.
ಮಂಡಿಯೂರಿ ಕಣ್ಣನ್ನು ದ್ರವದ ಮಟ್ಟಕ್ಕೆ ತರಬೇಕು,
ಮೇಲಿಂದ ನೋಡಿದವರಿಗೆ ಲೆಕ್ಕ ತಪ್ಪುತ್ತದೆ.

ಆಮೇಲೆ ಮೇಲಿಂದ ನೋಡುವುದೇ ನನ್ನ ಕೆಲಸವಾಯಿತು.

ಬ್ಯಾಗಿನ ಒಳಜೇಬಿನಲ್ಲಿ ಹಳೇ ವಿಸಿಟಿಂಗ್ ಕಾರ್ಡುಗಳಿವೆ.
ಮೊದಲನೆಯದರಲ್ಲಿ ಎಚ್. ಎಸ್. ಕೆಂಚಮ್ಮ, ಕೆಮಿಸ್ಟ್.
ಮಸ್ಕತ್ತಿನದರಲ್ಲಿ ಕೆಂಚಾ ಸೋಮಶೇಖರ್,
ಅಪ್ಪನ ಹೆಸರು ಬೆಳೆಯಿತು, ದೇವರ ಹೆಸರು ಮೊಟಕಾಯಿತು.
ಕಚ್ಚಾ ತೈಲದ ಬೆಲೆ ಬಿದ್ದ ವರ್ಷ
ಹನ್ನೊಂದು ಜನರನ್ನು ಒಂದೇ ಲಿಫ್ಟಿನಲ್ಲಿ ಕೆಳಗೆ ಕಳಿಸಿದರು,
ಆ ಲಿಫ್ಟಿನಲ್ಲಿ ಯಾರೂ ಬೆಲೆಯ ಬಗ್ಗೆ ಮಾತಾಡಲಿಲ್ಲ.
ಪುಣೆಯಲ್ಲಿ ಕಾರಿನ ಕಂಪನಿಗೆ
ಹೊಗೆ ಹೇಗೆ ಕಮ್ಮಿ ಮಾಡುವುದು ಎಂದು ಹೇಳಿದೆ.
ಅದಕ್ಕೂ ಮೊದಲು ಹೊಗೆಯ ಕಡೆಯವರಿಗೇ ಹೇಳಿದ್ದೆ.
ಈಗಿನ ಕಾರ್ಡಿನಲ್ಲಿ ವಿಳಾಸವೇ ಇಲ್ಲ,
ಫೋನ್ ನಂಬರು, ಸಲಹೆಗಾರ್ತಿ, ಅಷ್ಟೆ.

ಈ ಸಲ ಕರೆಸಿದ್ದು ಹಾಸನದ ಬಸ್ ಡಿಪೋ.
ಡೀಸೆಲ್ ಬಿಟ್ಟು ಕರೆಂಟಿಗೆ ಹೋಗಬಹುದೇ? ಹೋದರೆ ಯಾವ ರೂಟು?
ಅರವತ್ತು ಪುಟ, ಮೂರು ವಾರ.
ಬಿ.ಎಂ. ರಸ್ತೆಯ ಲಾಡ್ಜಿನಲ್ಲಿ ರೂಮು,
ಎದುರಿನ ಹೋಟೆಲಿನವನಿಗೆ ನಾನು ಹೊರಗಿನವಳು,
ಇಂಗ್ಲಿಷ್ ಮೆನು ತಂದುಕೊಟ್ಟ.

ಮೂರನೇ ಪಿಟ್ಟಿನ ಕೆಳಗಿಂದ ಬಂದವರು ನಂಜಾಚಾರಿ,
ಹೆಡ್ ಮೆಕ್ಯಾನಿಕ್, ರಿಟೈರಾಗಲು ಹದಿನಾಲ್ಕು ತಿಂಗಳು.
ಎಕ್ಸಾಸ್ಟಿಗೆ ಮೂಗು ಹಿಡಿದು
'ನಾಲ್ಕನೇ ಇಂಜೆಕ್ಟರ್ ಕುಡಿದು ಉಗೀತಾ ಐತೆ' ಎಂದರು.
ನನ್ನ ಯಂತ್ರ ಅದನ್ನೇ ನಲವತ್ತು ನಿಮಿಷಕ್ಕೆ ಹೇಳಿತು.
ವರದಿಯಲ್ಲಿ ಯಂತ್ರದ ಹೆಸರು, ಮಾಡೆಲ್ ನಂಬರು ಇದೆ.

ಮ್ಯಾನೇಜರು ಕಾಫಿ ತರಿಸಿ ತಮಾಷೆಗೆ ಕೇಳಿದರು:
'ಎಣ್ಣೆ ಎಕ್ಸ್‌ಪರ್ಟು ನೀವು.
ಹಾಸನಾಂಬೆ ಬಾಗಿಲು ಹಾಕಿದ ಮೇಲೆ
ಆ ದೀಪ ವರ್ಷವಿಡೀ ಉರೀತದೆ ಅಂತಾರಲ್ಲ, ಎಷ್ಟು ಎಣ್ಣೆ ಬೇಕು?'
ನಕ್ಕು ಸುಮ್ಮನಾದೆ.
ರಾತ್ರಿ ಲಾಡ್ಜಿನ ನ್ಯಾಪ್‌ಕಿನ್ ಮೇಲೆ ಲೆಕ್ಕ ಹಾಕಿದೆ:
ಗಂಟೆಗೆ ಮೂರು ಗ್ರಾಂ, ಎಂಟು ಸಾವಿರ ಚಿಲ್ಲರೆ ಗಂಟೆ,
ಇಪ್ಪತ್ತೆಂಟೂವರೆ ಲೀಟರು. ಅದನ್ನೂ ತಿದ್ದಿದೆ, ಅಭ್ಯಾಸ.
ಆಮೇಲೆ ನ್ಯಾಪ್‌ಕಿನ್ನಿನಲ್ಲಿ ಬಾಯಿ ಒರೆಸಿಕೊಂಡೆ.
ಅಮ್ಮ ಇದ್ದಿದ್ದರೆ ಎಣ್ಣೆ ತುಂಬಿಸುವವರು ಯಾರು ಎಂದು ಕೇಳುತ್ತಿದ್ದಳು,
ಲೆಕ್ಕದಲ್ಲಿ ನಾನು ಬಿಟ್ಟದ್ದು ಯಾವಾಗಲೂ ಅದನ್ನೇ.

ಕೊನೆಯ ದಿನ ಟ್ರಯಲ್ ಬಸ್ಸಿನಲ್ಲಿ ಶಿರಾಡಿ ಇಳಿದೆವು.
ಮಾರನಹಳ್ಳಿ ದಾಟಿದ್ದೇ ಸದ್ದಿಲ್ಲ.
ನಂಜಾಚಾರಿ ಸೀಟಿನ ತುದಿಯಲ್ಲಿ ಕಿವಿ ನೆಟ್ಟು ಕೂತಿದ್ದಾರೆ,
ಕೇಳುವುದಕ್ಕೇನೂ ಇಲ್ಲ.
'ವಾಸ್ನೇನೂ ಇಲ್ವಲ್ಲ ಮೇಡಂ. ಕಾಯಿಲೆ ಬಂದ್ರೆ
ಹೆಂಗೆ ಗೊತ್ತಾಗ್ಬೇಕು ಇದರದ್ದು?'
ಪರದೆ ತೋರಿಸಿದೆ. ಬ್ರೇಕ್ ಒತ್ತಿದಷ್ಟೂ
ಚಕ್ರದ ಓಟವೇ ಕರೆಂಟಾಗಿ ಬ್ಯಾಟರಿಗೆ ಮರಳುತ್ತದೆ ಎಂದೆ.
ಗುಂಡ್ಯ ಮುಟ್ಟುವಾಗ ಹತ್ತಿದ್ದಕ್ಕಿಂತ ಹನ್ನೊಂದು ಪರ್ಸೆಂಟು ಜಾಸ್ತಿ.
ಅವರು ಅಂಕಿ ನೋಡಿದರು. ನನ್ನನ್ನು ನೋಡಿದರು.

'ಇಳಿಯೋದ್ರಲ್ಲೂ ಸಂಪಾದ್ನೆ ಐತೆ ಅಂತೀರಾ?'

ನನಗೆ ಐವತ್ತೆಂಟು. ಮಂಡಿ ನೋವು.
ಮೂವತ್ತೈದು ವರ್ಷ ಉತ್ತರ ಹೇಳಿಯೇ ಬದುಕಿದವಳು
ಕಿಟಕಿ ತೆಗೆದೆ. ಕೆಳಗಿನ ಸೆಖೆ ಒಳಗೆ ಬಂತು,
ಮೂವತ್ತೆರಡು ಡಿಗ್ರಿ ಇದ್ದೀತು.
ಅದನ್ನು ತಿದ್ದಲಿಲ್ಲ.

ಬಿಲ್ಲು ಕಳಿಸಿ ಎರಡು ತಿಂಗಳಾಯಿತು, ದುಡ್ಡು ಬಂದಿಲ್ಲ.
ನಂಜಾಚಾರಿ ಮಾತ್ರ ಫೋನು ಮಾಡುತ್ತಾರೆ,
ಬ್ಯಾಟರಿಯ ಹತ್ತಿರ ಮೂಗು ಇಟ್ಟರೆ
ಏನೋ ಒಂಚೂರು ವಾಸನೆ ಇದೆಯಂತೆ,
ಯಾವುದರದ್ದು ಅಂತ ಇನ್ನೂ ಗೊತ್ತಾಗಿಲ್ಲವಂತೆ.